ಹುಣ್ಣು ಎಂಬ ಮಾತು, ಹುಣ್ಣಿನ ಮೂಲ

ಸಂತೆಯ ದಿನ ಮುಂಜಾನೆ ನವಲಗುಂದದ ಸೀಮೆಯ ಯಾವುದಾದರೊಂದು ಸರಕಾರಿ ದವಾಖಾನೆಯ ಪಡಸಾಲೆಯಲ್ಲಿ ಅರ್ಧ ತಾಸು ನಿಂತವರಿಗೆ, ಕನ್ನಡದ ಒಂದೇ ಒಂದು ಮಾತು ಎಷ್ಟು ಬಗೆಯ ಸಂಕಟಗಳನ್ನು ತನ್ನೊಳಗೆ ಅಡಗಿಸಿಕೊಂಡಿದೆ ಎಂಬುದು ತಾನಾಗಿಯೇ ತಿಳಿದುಬರುತ್ತದೆ. ಅಂಗಾಲಿಗೆ ಹಳೆಯ ಅರಿವೆಯ ಪಟ್ಟಿಯನ್ನು ಸುತ್ತಿಕೊಂಡು, ಗೋಡೆ ಹಿಡಿದು ಒಳಗೆ ಬಂದ ಮುದುಕನು, ‘ಮುಳ್ಳ ನಟ್ಟಿತ್ತರಿ, ಅದ ಹುಣ್ಣಾಗಿ ಕುಂತೈತಿ, ಎರಡ ತಿಂಗಳಾತು ಮಾಯವಲ್ದು’ ಎನ್ನುತ್ತಾನೆ. ಅವನ ಹಿಂದೆ ಸೆರಗಿನಿಂದ ಹೊಟ್ಟೆಯನ್ನು ಒತ್ತಿ ಹಿಡಿದು ಕುಳಿತ ತಾಯಿ, ‘ಹೊಟ್ಯಾಗ ಅಲ್ಸರ್ ಆಗೇತಂತ್ರಿ, ಉಂಡ್ರೂ ಉರೀತೈತಿ, ಉಣದಿದ್ರೂ ಉರೀತೈತಿ’ ಎಂದು ಹೇಳಿಕೊಳ್ಳುತ್ತಾಳೆ. ಮೂರನೆಯವನು ತರುಣ, ಬಾಯಿ ಪೂರ್ಣ ತೆರೆಯಲಾರ, ಕೆನ್ನೆಯ ಒಳಗಿನ ಹುಣ್ಣಿನಿಂದಾಗಿ ರೊಟ್ಟಿಯ ಜೊತೆಗೆ ಕೆಂಪಿಂಡಿ ತಿನ್ನುವುದನ್ನು ಬಿಟ್ಟು ಬಹಳ ದಿನವಾಯಿತೆನ್ನುತ್ತಾನೆ.

ಮೂವರದೂ ಹುಣ್ಣೇ. ಆದರೆ ಮೊದಲನೆಯವನ ಹುಣ್ಣಿನ ಮೂಲ ರಕ್ತದೊಳಗಿನ ಸಕ್ಕರೆಯಲ್ಲಿರಬಹುದು, ಎರಡನೆಯವಳದು ಕಣ್ಣಿಗೆ ಕಾಣದ ರೋಗಾಣುವಿನಲ್ಲಿರಬಹುದು, ಮೂರನೆಯವನದು ಅವನ ಅಂಗಿಯ ಕಿಸೆಯಲ್ಲಿರುವ ತಂಬಾಕಿನ ಪಾಕೀಟಿನಲ್ಲಿರಬಹುದು. ಹುಣ್ಣು ಎಂಬುದು ರೋಗದ ಹೆಸರಲ್ಲ. ದೇಹವು ತಲುಪಿದ ಒಂದು ಸ್ಥಿತಿಯ ಹೆಸರು. ಈ ಭೇದವು ನಮ್ಮ ಜನಕ್ಕೆ ಸ್ಪಷ್ಟವಾಗಿ ತಿಳಿಯದಿರುವುದರಿಂದಲೇ ಎಷ್ಟೋ ಕಾಲುಗಳು, ಎಷ್ಟೋ ಜೀವಗಳು ವ್ಯರ್ಥವಾಗಿ ಹೋಗಿವೆ ಎಂದು ನಾನು ನಂಬಿದ್ದೇನೆ. ಆದುದರಿಂದ ಈ ಮಾತು ಎಲ್ಲಿಂದ ಬಂದಿತು, ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ವಿಚಾರಿಸುವುದು ಕೇವಲ ಶಬ್ದಕುತೂಹಲದ ಕೆಲಸವಲ್ಲ.

ಪಂಪನ ಕಾಲದ ‘ಪುಣ್’

ಹುಣ್ಣು ಎಂಬುದು ಎರವಲಿನ ಮಾತಲ್ಲ, ಅಚ್ಚಗನ್ನಡದ್ದು. ಅದಕ್ಕಿಂತಲೂ ಹೆಚ್ಚಾಗಿ, ದ್ರಾವಿಡ ಭಾಷೆಗಳೆಲ್ಲ ಒಂದೇ ಮನೆಯಲ್ಲಿ ಕೂಡಿ ಬಾಳುತ್ತಿದ್ದ ಕಾಲದ್ದು. ತಮಿಳರು ಇಂದಿಗೂ ‘ಪುಣ್’ ಎನ್ನುತ್ತಾರೆ. ಮಲೆಯಾಳಿಗಳದೂ ಅದೇ ಮಾತು. ತೆಲುಗರಲ್ಲಿ ಅದು ‘ಪುಂಡು’ ಆಗಿದೆ. ಹಳಗನ್ನಡದಲ್ಲಿಯೂ ಅದರ ರೂಪ ‘ಪುಣ್’ ಎಂದೇ ಇದ್ದಿತು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ಮನೆತನವು ಅಣ್ಣಿಗೇರಿಯದೆಂದು ಗಂಗಾಧರದ ಶಾಸನದಿಂದ ತಿಳಿದಿದ್ದೇವಷ್ಟೆ. ಹತ್ತನೆಯ ಶತಮಾನದ ಆ ಅಣ್ಣಿಗೇರಿಯ ಬೀದಿಯಲ್ಲಿ ಕಾಲಿಗೆ ಮುಳ್ಳು ತಾಗಿ ಕೀವಾದವನು ‘ಪುಣ್ಣಾಯ್ತು’ ಎಂದೇ ನರಳಿರಬೇಕು. ಮುಂದೆ ಪಾಲು ಹಾಲಾಗಿ, ಪುಲಿ ಹುಲಿಯಾಗಿ, ಪೂವು ಹೂವಾದ ಹಾಗೆ ಪದದ ಮೊದಲಲ್ಲಿದ್ದ ಪಕಾರವು ಹಕಾರಕ್ಕೆ ತಿರುಗಿದ ಕಾಲದಲ್ಲಿ ಪುಣ್ ಎಂಬುದು ಹುಣ್ಣು ಆಯಿತು.

ಬಾಸೆಲ್ ಮಿಶನ್ನಿನ ಕೆಲಸಕ್ಕಾಗಿ 1853ರಲ್ಲಿ ಈ ದೇಶಕ್ಕೆ ಬಂದು, ಧಾರವಾಡ-ಹುಬ್ಬಳ್ಳಿಗಳ ಕಡೆಯಲ್ಲಿಯೂ ಬಾಳಿದ ಫರ್ಡಿನೆಂಡ್ ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಮಹಾನಿಘಂಟಿನಲ್ಲಿ ಕನ್ನಡದ ಮಾತುಗಳನ್ನು ಅವುಗಳ ತಮಿಳು-ತೆಲುಗು ಬಂಧುಗಳೊಂದಿಗೆ ಕೂಡಿಸಿಟ್ಟು ತೋರಿಸಿದ ಮೇಲೆ, ಇಂಥ ನಂಟಸ್ತಿಕೆಗಳು ನಮ್ಮ ಓದುಗರಿಗೆ ಸುಲಭವಾಗಿ ಕಾಣುವಂತಾದುವು.

ಇಷ್ಟು ಹಳೆಯ ಮಾತಾದುದರಿಂದಲೇ ಅದು ದೇಹವನ್ನು ದಾಟಿ ಮನಸ್ಸಿನವರೆಗೂ ಹರಡಿಕೊಂಡಿದೆ. ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಮರೆತ ದುಃಖವನ್ನು ಎತ್ತಿ ಆಡಿದವನಿಗೆ ಹಳೆಯ ಹುಣ್ಣನ್ನು ಕೆದಕಬೇಡವೆನ್ನುತ್ತೇವೆ. ಅಂಗೈಯ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆಯನ್ನಂತೂ ಅರಿಯದ ಕನ್ನಡಿಗನಿಲ್ಲ. ಆ ಗಾದೆಯು ನಿಂತಿರುವುದು ಹುಣ್ಣು ಕಣ್ಣಿಗೆ ನೇರವಾಗಿ ಕಾಣುವ ವಸ್ತು ಎಂಬ ಎಣಿಕೆಯ ಮೇಲೆ. ಅಂಗೈಯ ಮಟ್ಟಿಗೆ ಅದು ನಿಜ. ಆದರೆ ಕಣ್ಣಿಗೆ ಕಾಣುವುದು ಹುಣ್ಣಿನ ಮುಖ ಮಾತ್ರ. ಅದರ ಮೂಲವನ್ನು ಕಾಣಲು ಕನ್ನಡಿಯೂ ಬೇಕು, ಸೂಕ್ಷ್ಮದರ್ಶಕವೂ ಬೇಕು.

ಗಾಯ, ಹುಣ್ಣು, ವ್ರಣ

ನಮ್ಮ ರೈತರು ಗಾಯಕ್ಕೂ ಹುಣ್ಣಿಗೂ ಇರುವ ಭೇದವನ್ನು ಯಾವ ಶಾಸ್ತ್ರವನ್ನೂ ಓದದೆ ಬಲ್ಲರು. ಕುಡುಗೋಲು ತಾಗಿ ಆದುದು ಗಾಯ. ಅದು ನಾಲ್ಕು ದಿನದಲ್ಲಿ ಹಕ್ಕಳೆಗಟ್ಟಿ ಮಾಯ್ದರೆ ಗಾಯವಾಗಿಯೇ ಮುಗಿಯಿತು. ಮಾಯದೆ ಉಳಿದು, ಅಂಚು ದಪ್ಪನಾಗಿ, ನಡುವೆ ಕುಳಿ ಬಿದ್ದು, ರಸಿಗೆ ಸೋರತೊಡಗಿದರೆ ಅದು ಹುಣ್ಣಾಯಿತು. ಶಬ್ದದ ಮೂಲವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ: ಗಾಯವೆಂಬುದು ಸಂಸ್ಕೃತದ ‘ಘಾತ’ ಶಬ್ದವು ಪ್ರಾಕೃತದಲ್ಲಿ ‘ಘಾಯ’ವಾಗಿ, ಅಲ್ಲಿಂದ ನಮ್ಮಲ್ಲಿಗೆ ಇಳಿದುಬಂದ ರೂಪ, ಎಂದರೆ ಹೊರಗಿನಿಂದ ಬಿದ್ದ ಪೆಟ್ಟು.

ಇಂದಿನ ವೈದ್ಯಶಾಸ್ತ್ರವು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಚರ್ಮದ ಮೇಲಾಗಲಿ, ಬಾಯಿ, ಜಠರ, ಕರುಳುಗಳ ಒಳಪದರದ ಮೇಲಾಗಲಿ, ಮೇಲ್ಮೈಯು ಹರಿದು, ಅಲ್ಲಿಯ ಅಂಗಾಂಶವು ನಷ್ಟವಾಗಿ, ತಾನಾಗಿ ಬೇಗ ಕೂಡಿಕೊಳ್ಳದೆ ಉಳಿದ ತೆರೆದ ಸ್ಥಳಕ್ಕೆ ಹುಣ್ಣೆಂದು ಹೆಸರು. ಕುರು ಬೇರೆ, ಅದು ಚರ್ಮದ ಕೆಳಗೆ ಕೀವು ತುಂಬಿಕೊಂಡು ಉಬ್ಬಿದುದು, ಒಡೆದ ಮೇಲೆ ಹುಣ್ಣಾಗಬಹುದು.

ಸಂಸ್ಕೃತದ ವೈದ್ಯರು ಗಾಯ ಹುಣ್ಣುಗಳೆರಡನ್ನೂ ‘ವ್ರಣ’ವೆಂಬ ಒಂದೇ ಹೆಸರಿನಿಂದ ಕರೆದರು. ಶಸ್ತ್ರವೈದ್ಯದ ಆಚಾರ್ಯನಾದ ಸುಶ್ರುತನು ಈ ಹೆಸರಿಗೆ ಕೊಡುವ ಕಾರಣವು ಮನಸ್ಸಿನಲ್ಲಿ ನಿಲ್ಲುವಂಥದು: ಮಾಯ್ದ ಮೇಲೆಯೂ ಅದರ ಗುರುತು ಆ ಸ್ಥಳವನ್ನು ಆವರಿಸಿಕೊಂಡು, ದೇಹವಿರುವವರೆಗೆ ಅಳಿಯದೆ ಉಳಿಯುವುದರಿಂದ ಅದು ವ್ರಣ. ಅವನು ವ್ರಣಗಳನ್ನು ಎರಡು ಕುಲಗಳಾಗಿ ವಿಂಗಡಿಸುತ್ತಾನೆ; ದೇಹದೊಳಗಿನ ದೋಷಗಳಿಂದ ಹುಟ್ಟಿದುದು ಒಂದು, ಹೊರಗಿನ ಪೆಟ್ಟಿನಿಂದ ಬಂದ ಆಗಂತುಕವು ಇನ್ನೊಂದು. ಚಿಕಿತ್ಸೆಗೆ ಅರವತ್ತು ಉಪಕ್ರಮಗಳನ್ನು ಎಣಿಸಿ ಹೇಳುತ್ತಾನೆ. ವಾತಪಿತ್ತಗಳ ಅವನ ವಿವರಣೆಯನ್ನು ಇಂದು ಒಪ್ಪದವರೂ ಒಂದನ್ನು ಒಪ್ಪಲೇಬೇಕು: ಔಷಧವನ್ನು ಕೈಗೆತ್ತಿಕೊಳ್ಳುವ ಮೊದಲು, ಇದು ಹೊರಗಿನಿಂದ ಬಂದಿತೋ ಒಳಗಿನಿಂದ ಹುಟ್ಟಿತೋ ಎಂಬ ಪ್ರಶ್ನೆಯನ್ನು ಅವನು ಕೇಳಿದನು.

ಈ ವಿದ್ಯೆಯು ಕನ್ನಡಕ್ಕೆ ಬರದೆ ಉಳಿಯಲಿಲ್ಲ. ಅಣ್ಣಿಗೇರಿಯೂ ಸೇರಿದ್ದ ಕಲ್ಯಾಣ ಚಾಲುಕ್ಯರ ನಾಡಿನಲ್ಲಿ, ಹನ್ನೆರಡನೆಯ ಶತಮಾನದ ಹೊತ್ತಿಗೆ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದನು, ಅರಸುಮನೆತನದ ಕೀರ್ತಿವರ್ಮನು ದನಗಳ ರೋಗಚಿಕಿತ್ಸೆಗಾಗಿಯೇ ‘ಗೋವೈದ್ಯ’ವನ್ನು ರಚಿಸಿದನು. ನೊಗ ಒತ್ತಿ ಹೆಗಲು ಹುಣ್ಣಾದ ಎತ್ತನ್ನು ಕಂಡು ಮರುಗುವ ಎರೆಸೀಮೆಯ ಒಕ್ಕಲಿಗನಿಗೆ, ಪಶುವಿನ ನೋವಿಗೂ ತನ್ನ ನುಡಿಯಲ್ಲಿ ಒಂದು ಶಾಸ್ತ್ರವಿತ್ತೆಂಬುದು ಅಭಿಮಾನದ ಸಂಗತಿಯಾಗಬೇಕು.

ಅಲ್ಸರ್ ಎಂಬ ಅತಿಥಿ

ಇಂದು ಕುಂದಗೋಳದ ಹಳ್ಳಿಯ ಅಜ್ಜಿಯ ಬಾಯಲ್ಲಿಯೂ ಸಲೀಸಾಗಿ ಹೊರಳುವ ‘ಅಲ್ಸರ್’ ಎಂಬ ಮಾತು ಲ್ಯಾಟಿನ್ನಿನ ‘ಉಲ್ಕುಸ್’ ಶಬ್ದದಿಂದ ಹೊರಟು, ಫ್ರೆಂಚಿನ ಮೂಲಕ ಹಾದು, ಸುಮಾರು 1400ರ ಹೊತ್ತಿಗೆ ಇಂಗ್ಲಿಷನ್ನು ಸೇರಿ, ಆಮೇಲೆ ನಮ್ಮ ದವಾಖಾನೆಗಳಿಗೆ ಬಂದಿತು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಹುಣ್ಣು, ಅಷ್ಟೇ. ಅದರ ಗ್ರೀಕ್ ಸೋದರ ಶಬ್ದ ‘ಹೆಲ್ಕೊಸ್’. ಹಿಪೊಕ್ರೆಟಿಸನ ಹೆಸರಿನಲ್ಲಿ ಬಂದಿರುವ ಗ್ರೀಕ್ ಗ್ರಂಥಗಳಲ್ಲಿ ಹುಣ್ಣುಗಳನ್ನು ಕುರಿತೇ ಒಂದು ಗ್ರಂಥವುಂಟು. ಇದಕ್ಕಿಂತ ವಿಸ್ಮಯದ ನಂಟೊಂದು ನಮ್ಮ ದೇಶದಲ್ಲಿಯೇ ಇದೆ. ಮೂಲವ್ಯಾಧಿಗೆ ಆಯುರ್ವೇದದವರು ಹೇಳುವ ‘ಅರ್ಶಸ್’ ಎಂಬ ಸಂಸ್ಕೃತ ಶಬ್ದವನ್ನು ಭಾಷಾಶಾಸ್ತ್ರಜ್ಞರು ಈ ಉಲ್ಕುಸ್, ಹೆಲ್ಕೊಸ್‌ಗಳ ಒಡಹುಟ್ಟೆಂದು ಗುರುತಿಸಿದ್ದಾರೆ. ಹೀಗೆ ಡಾಕ್ಟರರು ಬರೆಯುವ ಅಲ್ಸರ್, ವೈದ್ಯರು ನುಡಿಯುವ ಅರ್ಶಸ್ಸು ಒಂದೇ ಬೇರಿನಿಂದ ಒಡೆದ ಕವಲುಗಳು. ನಮ್ಮ ಹುಣ್ಣು ಮಾತ್ರ ಬೇರೆ ಕುಲದ್ದು.

ಆದರೆ ಈ ಅತಿಥಿಯು ಹಳ್ಳಿಗೆ ಬಂದಾಗ ಅದರ ಅರ್ಥವು ಕುಗ್ಗಿತು. ವೈದ್ಯನಿಗೆ ಕಾಲಿನ ಹುಣ್ಣೂ ಅಲ್ಸರೇ, ಕಣ್ಣಿನ ಕರಿಗುಡ್ಡೆಯ ಮೇಲಿನ ಹುಣ್ಣೂ ಅಲ್ಸರೇ. ಜನಕ್ಕೆ ಮಾತ್ರ ಅಲ್ಸರ್ ಎಂದರೆ ಹೊಟ್ಟೆಯದು. ಹೊಟ್ಟೆಯುರಿಯೆಲ್ಲವೂ ಅಲ್ಸರ್ ಎಂಬ ಭಾವನೆಯೂ ಅದರೊಡನೆ ಬೆಳೆಯಿತು.

ಖಾರದ ಮೇಲೆ ಬಂದ ಅಪವಾದ

ಜಠರದಲ್ಲಿ ಹುಣ್ಣಾಗುವುದೇಕೆ? ನಮ್ಮ ಕಡೆಯ ಊಟವನ್ನು ಕಂಡವರು ಬ್ಯಾಡಗಿ ಮೆಣಸಿನಕಾಯಿಯ ಕಡೆಗೆ ಬೆರಳು ತೋರಿಸುತ್ತಾರೆ. ವೈದ್ಯಲೋಕವೂ ಬಹುಕಾಲ ಚಿಂತೆ, ಖಾರ, ಹೊತ್ತು ಮೀರಿದ ಊಟ, ಅಧಿಕ ಆಮ್ಲ ಇವುಗಳನ್ನೇ ಕಾರಣವೆಂದು ನಂಬಿ, ಸಪ್ಪೆಯ ಪಥ್ಯವನ್ನೂ, ಕೆಲವೊಮ್ಮೆ ಜಠರವನ್ನೇ ಕತ್ತರಿಸುವ ಶಸ್ತ್ರಕ್ರಿಯೆಯನ್ನೂ ವಿಧಿಸುತ್ತಿದ್ದಿತು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಎಂಬ ರೋಗಶಾಸ್ತ್ರಜ್ಞರು 1979ರಲ್ಲಿ ಜಠರದ ಒಳಪದರದಲ್ಲಿ ಸುರುಳಿಯಾಕಾರದ ರೋಗಾಣುಗಳನ್ನು ಕಂಡರು. ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರೊಡನೆ ಕೂಡಿ 1982ರಲ್ಲಿ ಅವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಇಷ್ಟು ತೀಕ್ಷ್ಣವಾದ ಆಮ್ಲದಲ್ಲಿ ಜೀವಾಣುವು ಬದುಕುವುದೆಂಬುದನ್ನು ನಂಬುವವರಿರಲಿಲ್ಲ. 1984ರಲ್ಲಿ ಮಾರ್ಷಲ್ ಅವರು ಆ ರೋಗಾಣುಗಳನ್ನು ತಾವೇ ಕುಡಿದು, ತಮ್ಮ ಜಠರದಲ್ಲಿ ಉರಿಯೂತವನ್ನು ಬರಿಸಿಕೊಂಡು, ಅವು ಅಲ್ಲಿ ಬದುಕಿ ರೋಗ ತರಬಲ್ಲುವೆಂದು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಆ ರೋಗಾಣುವಿನ ಹೆಸರು ಹೆಲಿಕೊಬ್ಯಾಕ್ಟರ್ ಪೈಲೊರಿ. ಅದರಿಂದ ಬಂದ ಹುಣ್ಣು ಕೆಲವು ದಿನಗಳ ಔಷಧದಿಂದ ಬೇರುಸಹಿತ ಗುಣವಾಗುತ್ತದೆ. ಜಠರದ ಹುಣ್ಣಿನ ಇನ್ನೊಂದು ಮುಖ್ಯ ಕಾರಣವು ನಮ್ಮ ಹಳ್ಳಿಗಳಲ್ಲಿ ಅಂಗಡಿ ಅಂಗಡಿಯಲ್ಲಿ ದೊರೆಯುತ್ತದೆ. ಕಳೆ ತೆಗೆದು, ಹತ್ತಿ ಬಿಡಿಸಿ, ಸೊಂಟ ಮೊಣಕಾಲು ಹಿಡಿದುಕೊಂಡ ಕೂಲಿಯ ಹೆಣ್ಣುಮಗಳು ಯಾರನ್ನೂ ಕೇಳದೆ, ಹಸಿದ ಹೊಟ್ಟೆಯಲ್ಲಿ, ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಗಳು ಜಠರದ ರಕ್ಷಣೆಯ ಪದರವನ್ನು ಸವೆಯಿಸಿ ಹುಣ್ಣು ಮಾಡುತ್ತವೆ. ಖಾರವು ಆದ ಹುಣ್ಣನ್ನು ಉರಿಸೀತು, ಹುಣ್ಣನ್ನು ಹುಟ್ಟಿಸಲಾರದು; ಗುಳಿಗೆಯು ಹುಟ್ಟಿಸಬಲ್ಲದು. ಕೆಂಪಿಂಡಿಯನ್ನು ಬಿಟ್ಟು ಗುಳಿಗೆಯನ್ನು ಮುಂದುವರಿಸಿದವಳ ಹೊಟ್ಟೆ ಮಾಯುವುದು ಹೇಗೆ?

ನಾರುಹುಣ್ಣು ನಾಶವಾದ ಬಗೆ

ಮೂಲವನ್ನು ಹಿಡಿದರೆ ಹುಣ್ಣು ಏನಾಗುತ್ತದೆ ಎಂಬುದಕ್ಕೆ ಉತ್ತರ ಕರ್ನಾಟಕದ ಬಯಲುಸೀಮೆಯಷ್ಟು ಒಳ್ಳೆಯ ಸಾಕ್ಷಿಯನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಅರವತ್ತು ದಾಟಿದ ಹಿರಿಯರನ್ನು ಕೇಳಿದರೆ ‘ನಾರುಹುಣ್ಣು’ ಎಂಬ ಹೆಸರನ್ನು ಅವರು ಬಲ್ಲರು. ಅವರ ಮೊಮ್ಮಕ್ಕಳು ಅದನ್ನು ಕೇಳಿಯೂ ಇಲ್ಲ.

ಕಾಲಿನ ಮೇಲೆ, ಬಹುತೇಕ ಮೊಣಕಾಲಿನ ಕೆಳಗೆ, ಬೆಂಕಿ ತಾಗಿದಂತೆ ಉರಿಯುವ ಒಂದು ಬೊಕ್ಕೆ ಎದ್ದು ಒಡೆಯುತ್ತಿತ್ತು. ಆ ಹುಣ್ಣಿನ ಬಾಯಿಂದ ಬಿಳಿಯ ನಾರಿನಂಥ ಹುಳುವೊಂದು ತಲೆಯೆತ್ತುತ್ತಿತ್ತು. ಅದು ಅರುವತ್ತರಿಂದ ನೂರು ಸೆಂಟಿಮೀಟರಿನಷ್ಟು ಉದ್ದದ ಹೆಣ್ಣು ಹುಳು. ಎಳೆದರೆ ಹರಿಯುವುದು, ಹರಿದರೆ ಒಳಗೆ ಉಳಿದ ಭಾಗದಿಂದ ಕಾಲೆಲ್ಲ ಬಾತು ಕೀವಾಗುವುದು. ಆದುದರಿಂದ ಸಣ್ಣ ಕಡ್ಡಿಗೆ ಅದನ್ನು ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ಕೆಲವೊಮ್ಮೆ ವಾರಗಟ್ಟಲೆ ಹೊರಗೆ ತೆಗೆಯುತ್ತಿದ್ದರು. ಮಧ್ಯಯುಗದ ಆಯುರ್ವೇದ ಗ್ರಂಥಕಾರರು ಇದನ್ನು ‘ಸ್ನಾಯುಕ’ವೆಂದು ಕರೆದರು, ಅರಬರ ಮದೀನಾ ನಗರದ ಹೆಸರೂ ಅದಕ್ಕೆ ಅಂಟಿಕೊಂಡಿತು. ಹೆಸರುಗಳು ಎಷ್ಟಿದ್ದರೂ ಚಿಕಿತ್ಸೆಯು ಬಹುಮಟ್ಟಿಗೆ ಆ ಕಡ್ಡಿಯೇ. ನಾರುಹುಣ್ಣು ಬಿತ್ತನೆಯ ಕಾಲಕ್ಕೇ ಬಂದರೆ ಆ ವರ್ಷ ಹೊಲ ಬೀಳು.

ಹುಣ್ಣನ್ನಷ್ಟೇ ನೋಡುತ್ತಿದ್ದವರಿಗೆ ಅದರ ಮೂಲವು ಕಾಣದುದಕ್ಕೆ ಕಾರಣವಿತ್ತು. ಮೂಲವು ಒಂದು ವರ್ಷ ಹಿಂದಿತ್ತು, ಅದೂ ಬಾಯಾರಿ ಕುಡಿದ ನೀರಿನಲ್ಲಿತ್ತು. ರಷ್ಯದ ಅಲೆಕ್ಸೈ ಫೆಡ್ಚೆಂಕೊ ಎಂಬ ವಿಜ್ಞಾನಿಯು 1870ರ ಸುಮಾರಿಗೆ ಈ ಗಂಟನ್ನು ಬಿಡಿಸಿದನು. ಉರಿಯನ್ನು ತಣಿಸಲೆಂದು ರೋಗಿಯು ಕೆರೆಯಲ್ಲಿಯೋ ಮೆಟ್ಟಿಲುಬಾವಿಯಲ್ಲಿಯೋ ಕಾಲಿಟ್ಟೊಡನೆ ಹುಳುವು ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಅತಿಸೂಕ್ಷ್ಮವಾದ ನೀರುಜೀವಿ ಅವನ್ನು ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವರ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿಗಳು ಉಳಿಯುತ್ತವೆ. ವರ್ಷ ತುಂಬುವ ಹೊತ್ತಿಗೆ ಬೆಳೆದ ಹುಳುವು ಕಾಲಿಗೆ ಇಳಿದು ಮತ್ತೆ ನೀರನ್ನು ಅರಸುತ್ತದೆ.

ನವಲಗುಂದ-ಅಣ್ಣಿಗೇರಿಗಳಂಥ ಎರೆನಾಡಿನಲ್ಲಿ ನೆಲದಡಿಯ ನೀರು ಸವಳು. ಮಲಪ್ರಭೆಯ ಕಾಲುವೆ ಬರುವ ಮೊದಲು ಮಳೆ ತುಂಬಿದ ಕೆರೆಯೇ ಊರಿಗೆಲ್ಲ ಆಧಾರ. ಕೊಡ ಹೊತ್ತು ಮೆಟ್ಟಿಲಿಳಿದು, ಮೊಣಕಾಲಿನವರೆಗೆ ನೀರಿಗಿಳಿದು ತುಂಬಿಕೊಳ್ಳುವ ಪದ್ಧತಿಯಿದ್ದ ಇಂಥ ಬಯಲುನಾಡುಗಳೇ ಈ ಹುಳುವಿಗೆ ತವರಾದುವು. ಇದಕ್ಕೆ ಲಸಿಕೆಯಿರಲಿಲ್ಲ, ಕೊಲ್ಲುವ ಔಷಧವಿರಲಿಲ್ಲ, ಇಂದಿಗೂ ಇಲ್ಲ. 1983-84ರಲ್ಲಿ ಭಾರತ ಸರಕಾರವು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿದಾಗ, ಕರ್ನಾಟಕವೂ ರೋಗವಿದ್ದ ರಾಜ್ಯಗಳಲ್ಲಿ ಒಂದಾಗಿತ್ತು. ಆರೋಗ್ಯ ಇಲಾಖೆಯ ಕೆಳದರ್ಜೆಯ ನೌಕರರು ಹಳ್ಳಿಹಳ್ಳಿಗೆ ನಡೆದು ರೋಗಿಗಳನ್ನು ಹುಡುಕಿದರು, ಹುಣ್ಣಿದ್ದವರು ನೀರಿಗಿಳಿಯದಂತೆ ನೋಡಿಕೊಂಡರು, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಲಾಯಿತು, ಕೈಪಂಪುಗಳು ಬಂದುವು, ಸೈಕ್ಲಾಪ್ಸನ್ನು ಕೊಲ್ಲುವ ಮದ್ದನ್ನು ನೀರಿಗೆ ಹಾಕಲಾಯಿತು, ಅರಿವೆಯನ್ನು ಇಮ್ಮಡಿಸಿ ನೀರು ಸೋಸುವುದನ್ನು ಮನೆಮನೆಯ ತಾಯಂದಿರಿಗೆ ಕಲಿಸಲಾಯಿತು. 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುದೇ ದೇಶದ ಕಡೆಯ ರೋಗಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು.

ಶತಮಾನಗಳ ಕಾಲ ಹುಣ್ಣಿನ ಬಾಯಲ್ಲಿ ಕಡ್ಡಿ ಸುತ್ತಿದುದರಿಂದ ಆಗದ ಕೆಲಸವನ್ನು ಕೊಡದ ಬಾಯಿಗೆ ಕಟ್ಟಿದ ಅರಿವೆಯು ಹದಿಮೂರೇ ವರ್ಷಗಳಲ್ಲಿ ಮಾಡಿತು. ನಮ್ಮ ಕಾಲದ ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ವಿಜಯಗಳು ಕೆಲವೇ ಇವೆ; ಅದನ್ನು ಸಾಧಿಸಿದ ಆ ಅನಾಮಧೇಯ ನೌಕರರನ್ನು ನಾವು ಸಾಕಷ್ಟು ಕೊಂಡಾಡಿಲ್ಲವೆಂಬ ಕೊರಗು ನನಗಿದೆ.

ನೋಯದ ಹುಣ್ಣು

ಮೊದಲು ಕಂಡ ಮುದುಕನ ಅಂಗಾಲಿನ ಕಡೆಗೆ ಈಗ ತಿರುಗೋಣ. ಕೊಯ್ದ ಜೋಳದ ಕೂಳೆ, ಜಾಲಿಯ ಮುಳ್ಳು ಇವು ಅವನಿಗೆ ಹೊಸವಲ್ಲ. ಎಳವೆಯಿಂದಲೂ ಬರಿಗಾಲಿನಲ್ಲಿ ತುಳಿದವನೇ. ಹಿಂದೆ ಮಾಯುತ್ತಿದ್ದುದು ಈಗ ಮಾಯದಿರುವುದೇಕೆ? ಸಕ್ಕರೆ ಕಾಯಿಲೆಯು ಹಲವು ವರ್ಷ ಹತೋಟಿಯಿಲ್ಲದೆ ಉಳಿದರೆ ಕಾಲಿನ ನರಗಳು ಜಡವಾಗುತ್ತವೆ, ರಕ್ತನಾಳಗಳು ಕಿರಿದಾಗುತ್ತವೆ. ಮುಳ್ಳು ಚುಚ್ಚಿದುದು ತಿಳಿಯುವುದಿಲ್ಲ; ತಿಳಿದ ಮೇಲೂ ನೋವಿಲ್ಲವೆಂದು ಅದರ ಮೇಲೆಯೇ ನಡೆಯುತ್ತಾನೆ; ರಕ್ತ ಸಾಲದೆ ಅದು ಕೂಡಿಕೊಳ್ಳುವುದಿಲ್ಲ. ‘ನೋವೇನೂ ಇಲ್ಲರಿ’ ಎಂದು ಅವನು ಸಮಾಧಾನಕ್ಕಾಗಿ ಹೇಳುವ ಮಾತೇ ವೈದ್ಯನ ಕಿವಿಗೆ ಎಲ್ಲಕ್ಕಿಂತ ಭಯಂಕರವಾದ ಮಾತು.

ಇದೇ ಪಾಠವನ್ನು ಕುಷ್ಠರೋಗದ ವಿಷಯದಲ್ಲಿ ಲೋಕಕ್ಕೆ ಕಲಿಸಿದವರು ವೆಲ್ಲೂರಿನಲ್ಲಿ ದುಡಿದ ಪಾಲ್ ಬ್ರಾಂಡ್. ರೋಗವೇ ಮಾಂಸವನ್ನು ಕೊಳೆಸುತ್ತದೆಯೆಂದು ಎಲ್ಲರೂ ನಂಬಿದ್ದಾಗ, 1946ರಲ್ಲಿ ಅಲ್ಲಿಗೆ ಬಂದ ಈ ಶಸ್ತ್ರವೈದ್ಯರು ರೋಗಿಗಳ ಪಾದಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ರೋಗಾಣುವು ಕೊಲ್ಲುವುದು ನೋವಿನ ಅರಿವನ್ನು, ಆಮೇಲೆ ಪಾದವನ್ನು ಕೆಡಿಸುವುದು ತಿಳಿಯದೆ ಮತ್ತೆ ಮತ್ತೆ ಬೀಳುವ ಪೆಟ್ಟು ಎಂದು ತೋರಿಸಿದರು. ಮೆತ್ತನೆಯ ರಬ್ಬರಿನ ಪಾದರಕ್ಷೆಯೂ ವಿಶ್ರಾಂತಿಯೂ ಅಲ್ಲಿ ಲೇಪಕ್ಕಿಂತ ದೊಡ್ಡ ಔಷಧಗಳಾದುವು.

ಕಲಘಟಗಿಯ ಭತ್ತದ ಗದ್ದೆಗಳಲ್ಲಿ ದಿನವೆಲ್ಲ ಕೆಸರಿನಲ್ಲಿ ನಿಂತವರ ಕಾಲ್ಬೆರಳ ಸಂದಿಯಲ್ಲಿ ಆಗುವ ಕೆಸರುಹುಣ್ಣು ಸಾಮಾನ್ಯವಾಗಿ ತೊಳೆದು ಒಣಗಿಸಿದರೆ, ತಕ್ಕ ಮುಲಾಮು ಹಚ್ಚಿದರೆ ಹೋಗುವಂಥದು. ಆದರೆ ಅದೇ ಮನುಷ್ಯನಿಗೆ ಸಕ್ಕರೆ ಕಾಯಿಲೆಯಿದ್ದರೆ ಆ ಸಣ್ಣ ಬಿರುಕೇ ಕಾಲನ್ನು ತೆಗೆಸುವ ದಾರಿಯಾದೀತು.

ದವಾಖಾನೆಗೆ ಹೋಗಬೇಕಾದ ಹೊತ್ತು

ಅರಿಶಿನ, ಔಡಲೆಣ್ಣೆ, ಬೇವಿನೆಲೆ ಇವುಗಳನ್ನು ಹಚ್ಚುವ ನಮ್ಮ ತಾಯಂದಿರನ್ನು ನಾನು ಹಳಿಯುವವನಲ್ಲ. ಸಣ್ಣ ಗಾಯಕ್ಕೆ ಶುದ್ಧವಾದ ನೀರು, ಶುದ್ಧವಾದ ಅರಿವೆ, ನಾಲ್ಕು ದಿನದ ಜಾಗರೂಕತೆ ಸಾಕು. ಬೂದಿಯನ್ನೂ ಸಗಣಿಯನ್ನೂ ಮಾತ್ರ ಎಂದಿಗೂ ಹಚ್ಚಲಾಗದು. ಧನುರ್ವಾಯುವಿನ ಬೀಜಗಳು ಅಂಥ ಮಣ್ಣು-ಸಗಣಿಗಳಲ್ಲಿಯೇ ಇರುತ್ತವೆ.

ಆದರೆ ಎರಡು ಮೂರು ವಾರಗಳಲ್ಲಿ ಮಾಯದ ಯಾವ ಹುಣ್ಣನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಡಿರಿ. ತಂಬಾಕು, ಗುಟಕಾ ಹಾಕುವವರ ಬಾಯಲ್ಲಿ ಹುಣ್ಣು ನಿಂತರೆ, ಅದು ನೋಯದಿದ್ದರೂ ಸರಿಯೆ, ತಡಮಾಡದೆ ತೋರಿಸಿರಿ. ಬಾಯಿಯ ಕ್ಯಾನ್ಸರು ಮೊದಲ ಹಂತದಲ್ಲಿ ಗುಣವಾಗುವ ರೋಗ, ಅದರ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದಲ್ಲಿಯೇ ಆಸ್ಪತ್ರೆಯುಂಟು. ಹೊಟ್ಟೆಯುರಿಯ ಜೊತೆಗೆ ಮಲವು ಡಾಂಬರಿನಂತೆ ಕಪ್ಪಾದರೆ, ರಕ್ತದ ವಾಂತಿಯಾದರೆ, ಅಂದೇ ಹೊರಡಿರಿ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ನಾಚಬೇಡಿರಿ. ಕುಷ್ಠದ ಔಷಧವನ್ನು ಸರಕಾರಿ ದವಾಖಾನೆಗಳಲ್ಲಿ ಪುಕ್ಕಟೆ ಕೊಡುತ್ತಾರೆ, ಅದು ಪೂರ್ಣವಾಗಿ ವಾಸಿಯಾಗುತ್ತದೆ. ಸಕ್ಕರೆ ಕಾಯಿಲೆಯವರು ದಿನವೂ ರಾತ್ರಿ ಕಾಲು ತೊಳೆದು, ಬೆಳಕಿನಲ್ಲಿ ಅಂಗಾಲನ್ನು ನೋಡಿಕೊಳ್ಳಬೇಕು. ತಮಗೆ ಕಾಣದಿದ್ದರೆ ಮನೆಯ ಮಕ್ಕಳಿಗೆ ಹೇಳಿ ನೋಡಿಸಿಕೊಳ್ಳಬೇಕು. ಹೊಲಕ್ಕೆ ಹೋಗುವಾಗ ಕಾಲಲ್ಲಿ ಕೆರವಿರಲಿ. ಮುಲಾಮನ್ನು ಕೈಗಿತ್ತು ಕಳಿಸುವ ವೈದ್ಯರನ್ನು, ‘ಇದು ಯಾತರಿಂದ ಆತರಿ?’ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಉಂಟು; ಕೇಳಿ, ಉತ್ತರವನ್ನು ಪಡೆದೇ ಮನೆಗೆ ಬನ್ನಿರಿ.